ವಾಚು ಲೆಕ್ಕ ಇಡುತ್ತದೆ, ಆ ಲೆಕ್ಕ ನೋಡುವವರು ಯಾರು?

ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಚಿಕ್ಕಪ್ಪನಿಗೆ ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದರು. ಮನೆಗೆ ಬಂದ ಮೇಲೆ ಮಗಳು ಒಂದು ಸ್ಮಾರ್ಟ್‌ವಾಚ್ ತಂದುಕೊಟ್ಟಳು. ಕಟ್ಟಿದ ಮೂರನೇ ರಾತ್ರಿಯೇ ಅದು ಕೈ ಮೇಲೆ ನಡುಗಿತು. ಹೃದಯ ಬಡಿತ 48, ಕಡಿಮೆ ಇದೆ ಅಂತ ಎಚ್ಚರಿಕೆ. ಚಿಕ್ಕಮ್ಮ ಗಾಬರಿಯಾಗಿ ಬೆಂಗಳೂರಿನಲ್ಲಿದ್ದ ಮಗಳಿಗೆ ಫೋನ್ ಮಾಡಿದರು. ಅವಳು ನನಗೆ ಮಾಡಿದಳು. ಗಂಟೆ ಹನ್ನೊಂದೂವರೆ. "ಅಣ್ಣಾ, ಅಪ್ಪಂಗೆ ಹಾರ್ಟು ನಿಧಾನ ಆಗ್ತಾ ಇದೆಯಂತೆ, ಏನ್ ಮಾಡೋದು?" ಆ ಕಡೆ ಚಿಕ್ಕಪ್ಪ ಮಾತ್ರ "ನಂಗೇನೂ ಆಗಿಲ್ಲ ಕಣ್ರೇ, ಮಲಗಕ್ಕೆ ಬಿಡಿ" ಅಂತ ಗೊಣಗುತ್ತಿದ್ದರಂತೆ.

ಮಾರನೇ ದಿನ ಡಾಕ್ಟರು ವಾಚು ನೋಡಲಿಲ್ಲ. ಮಾತ್ರೆ ಚೀಟಿ ನೋಡಿದರು. ಅದರಲ್ಲಿ ಮೆಟೊಪ್ರೊಲಾಲ್ ಇತ್ತು. ಬೀಟಾ ಬ್ಲಾಕರ್ ಗುಂಪಿನ ಈ ಮಾತ್ರೆಯ ಕೆಲಸವೇ ಬಡಿತ ತಗ್ಗಿಸಿ ಹೃದಯದ ಹೊರೆ ಇಳಿಸುವುದು. ನಿದ್ದೆಯಲ್ಲಂತೂ ಎಲ್ಲರ ಬಡಿತವೂ ಇಳಿಯುತ್ತದೆ. ತಲೆಸುತ್ತು ಬಂದಿದ್ದರೆ, ಕಣ್ಣು ಕತ್ತಲೆ ಕಟ್ಟಿದ್ದರೆ ಮಾತು ಬೇರೆ. ಚಿಕ್ಕಪ್ಪನಿಗೆ ಅದ್ಯಾವುದೂ ಇರಲಿಲ್ಲ. ವಾಚು ಸುಳ್ಳು ಹೇಳಿರಲಿಲ್ಲ, 48 ನಿಜವೇ. ಮಾತ್ರೆ ವಿಷಯ ಅದಕ್ಕೆ ಗೊತ್ತಿರಲಿಲ್ಲ, ಅಷ್ಟೆ.

ಹೃದ್ರೋಗಿಗಳಿಗೆ ಇಂಥ ವಾಚು, ಬ್ಯಾಂಡ್ ಕೊಡಿಸುವುದು ಈಗ ಮಾಮೂಲಿ. ಇವುಗಳ ಬಗ್ಗೆ ಮಾತು ಬಂದಾಗಲೆಲ್ಲ "ಅದು ತೋರಿಸೋದು ಸರೀನಾ?" ಅನ್ನುವುದೇ ಮೊದಲ ಪ್ರಶ್ನೆ. ಅದು ಬೇಕಾದ ಪ್ರಶ್ನೆಯೇ. ಆದರೆ ಇಷ್ಟು ವರ್ಷದ ಅಧ್ಯಯನಗಳನ್ನು ಓದುತ್ತಾ ಹೋದರೆ ಇನ್ನೊಂದು ಪ್ರಶ್ನೆ ಅದಕ್ಕಿಂತ ದೊಡ್ಡದು ಅನ್ನಿಸುತ್ತದೆ. ಆ ಅಂಕಿ ಯಾರಿಗೆ ತಲುಪುತ್ತದೆ? ತಲುಪಿದ ಮೇಲೆ ಅವರು ಏನಾದರೂ ಮಾಡುತ್ತಾರಾ?

ಹಸಿರು ದೀಪದ ಕೆಲಸ

ವಾಚನ್ನು ಬಿಚ್ಚಿ ಹಿಂದೆ ನೋಡಿ. ಹಸಿರು ದೀಪ ಮಿಣುಕುತ್ತಿರುತ್ತದೆ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹೃದಯ ಒಂದು ಸಲ ಬಡಿದಾಗ ಮಣಿಕಟ್ಟಿನ ಸಣ್ಣ ರಕ್ತನಾಳಗಳಿಗೆ ಸ್ವಲ್ಪ ಜಾಸ್ತಿ ರಕ್ತ ನುಗ್ಗುತ್ತದೆ. ಆಗ ವಾಪಸ್ ಬರುವ ಬೆಳಕು ಕಡಿಮೆಯಾಗುತ್ತದೆ. ಈ ಏರಿಳಿತ ಎಣಿಸಿದರೆ ನಾಡಿ ಸಿಕ್ಕಿತು. ನಮ್ಮ ಊರಿನ ಪಂಡಿತರು ಮೂರು ಬೆರಳಿಟ್ಟು ಹಿಡಿಯುತ್ತಿದ್ದ ನಾಡಿಯನ್ನೇ ಇದು ಬೆಳಕಿನಿಂದ ಹಿಡಿಯುತ್ತದೆ.

ಸುಮ್ನೆ ಕೂತಿದ್ದಾಗ ಈ ಲೆಕ್ಕ ಸಾಕಷ್ಟು ಚೆನ್ನಾಗಿಯೇ ಬರುತ್ತದೆ. ಕೈ ಅಲುಗಾಡಿದರೆ ಕೆಡುತ್ತದೆ. ಪಟ್ಟಿ ಸಡಿಲವಿದ್ದರೆ ಕೆಡುತ್ತದೆ. ಹಚ್ಚೆ ಇರುವ ಜಾಗದಲ್ಲೂ ಕೆಡುತ್ತದೆ. ಚಳಿಗೆ ಕೈ ತಣ್ಣಗಾದರೂ ಅಷ್ಟೆ. ಹೃದಯ ಏರುಪೇರಾಗಿ ಬಡಿಯುವವರಲ್ಲಿ ಕೆಲವು ಬಡಿತಗಳು ಮಣಿಕಟ್ಟಿನ ತನಕ ಬರುವುದೇ ಇಲ್ಲ. ಆಗ ವಾಚು ನಿಜವಾದ ಬಡಿತಕ್ಕಿಂತ ಕಡಿಮೆ ಎಣಿಸುತ್ತದೆ. ಅಂದರೆ ಯಾರಿಗೆ ಸರಿಯಾದ ಎಣಿಕೆ ಬೇಕೋ ಅವರಲ್ಲೇ ಅದು ತಪ್ಪುವ ಸಾಧ್ಯತೆ ಜಾಸ್ತಿ.

ಹೆಜ್ಜೆ ಎಣಿಸುವುದು ಬೇರೆ ಸೆನ್ಸರ್. ಅದು ಕೈಯ ಅಲುಗಾಟವನ್ನು ಅಳೆದು, ಈ ಲಯದಲ್ಲಿ ಅಲುಗಾಡಿದರೆ ನಡಿಗೆ ಅಂತ ಊಹಿಸುತ್ತದೆ. ಹಾಗಾಗಿ ಗುಂಡಿ ಬಿದ್ದ ರಸ್ತೆಯಲ್ಲಿ ಸ್ಕೂಟರ್ ಓಡಿಸಿದರೂ ಒಂದಿಷ್ಟು ಹೆಜ್ಜೆ ಪುಕ್ಕಟೆ ಸಿಗಬಹುದು. ಹುಲ್ಲಿನ ಹೊರೆಯನ್ನು ತಲೆ ಮೇಲೆ ಹೊತ್ತು, ವಾಚು ಕಟ್ಟಿದ ಕೈಯಲ್ಲೇ ಅದನ್ನು ಹಿಡಿದುಕೊಂಡು ಒಂದು ಮೈಲಿ ನಡೆದವರಿಗೆ ಮಾತ್ರ ಪೂರ್ತಿ ಲೆಕ್ಕ ಸಿಗುವುದಿಲ್ಲ. ಕೈ ಬೀಸಿ ಪಾರ್ಕಿನಲ್ಲಿ ನಡೆಯುವವರನ್ನು ನೋಡಿ ಕಲಿತ ಯಂತ್ರ ಇದು.

ಸ್ವಲ್ಪ ಜಾಸ್ತಿ ಬೆಲೆಯ ವಾಚುಗಳಲ್ಲಿ ಇಸಿಜಿ ಕೂಡ ಇದೆ. ಒಂದು ಕೈಗೆ ವಾಚು, ಇನ್ನೊಂದು ಕೈಯ ಬೆರಳು ಅದರ ಮೇಲೆ. 30 ಸೆಕೆಂಡಿನಲ್ಲಿ ಒಂದು ಗೆರೆ ಬರುತ್ತದೆ. ಇದನ್ನು ಕಡೆಗಣಿಸುವ ಹಾಗಿಲ್ಲ. ಅಮೆರಿಕದ ಮೊಂಟಾನಾದಲ್ಲಿ ನಾರ್ಮನ್ ಹೋಲ್ಟರ್ ಎಂಬ ವಿಜ್ಞಾನಿ 1940ರ ದಶಕದ ಕೊನೆಯಲ್ಲಿ, ಓಡಾಡುವ ಮನುಷ್ಯನ ಹೃದಯದ ಗೆರೆ ಹಿಡಿಯಲು ಮಾಡಿದ ಯಂತ್ರ ಸುಮಾರು 38 ಕಿಲೋ ಇತ್ತು. ಬೆನ್ನಿಗೆ ಕಟ್ಟಿಕೊಂಡು ತಿರುಗಬೇಕಿತ್ತು. ಈಗಲೂ ಡಾಕ್ಟರು "ಒಂದು ದಿನ ಹೋಲ್ಟರ್ ಹಾಕಿಸಿ" ಅನ್ನುವುದು ಅವನ ಹೆಸರಿನಿಂದಲೇ. ಅಲ್ಲಿಂದ ಮಣಿಕಟ್ಟಿಗೆ ಬಂದಿದ್ದೇವೆ.

ಆದರೆ ಇಲ್ಲೇ ಒಂದು ಅಪಾಯದ ತಪ್ಪು ತಿಳಿವಳಿಕೆ ಇದೆ. ವಾಚಿನ ಇಸಿಜಿ ಹಾರ್ಟ್ ಅಟ್ಯಾಕ್ ಹಿಡಿಯುವುದಿಲ್ಲ. ಆಸ್ಪತ್ರೆಯ ಇಸಿಜಿ ಹೃದಯವನ್ನು 12 ಕೋನಗಳಿಂದ ನೋಡುತ್ತದೆ. ವಾಚು ನೋಡುವುದು ಒಂದೇ ಕೋನದಿಂದ. ಮನೆಯ ಮುಂಬಾಗಿಲಲ್ಲಿ ನಿಂತು ನೋಡಿದರೆ ಹಿತ್ತಲಲ್ಲಿ ಬೆಂಕಿ ಬಿದ್ದಿದ್ದು ಕಾಣಲ್ಲ, ಅಲ್ವಾ? ಹಾಗೆ. ಎದೆ ಹಿಂಡಿದ ಹಾಗೆ ಆಗಿ, ಬೆವರು ಕಿತ್ತುಕೊಂಡು, ನೋವು ಎಡಗೈಗೋ ದವಡೆಗೋ ಹರಿಯುತ್ತಿದ್ದರೆ ವಾಚು "ಎಲ್ಲ ಸರಿಯಿದೆ" ಅಂದರೂ ಅದನ್ನು ನಂಬಿ ಕೂರಬಾರದು. ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಸೇರಿದ ಸರ್ಕಾರಿ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ದೂರದ ತಜ್ಞರಿಂದ ಓದಿಸಿ, ಬೇಕಾದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಅಲ್ಲಿ ತೆಗೆದ ಗೆರೆಯನ್ನು ಓದಲು ಆ ಕಡೆ ಒಬ್ಬರು ಕಾಯುತ್ತಿರುತ್ತಾರೆ. ವಾಚಿನ ಗೆರೆಗೆ ಅಂಥವರು ಯಾರೂ ಇಲ್ಲ.

ನಾಲ್ಕು ಲಕ್ಷ ಜನರ ನಾಡಿ

ವಾಚು ನಿಜಕ್ಕೂ ಚೆನ್ನಾಗಿ ಹಿಡಿಯುವ ಒಂದು ಕಾಯಿಲೆ ಏಟ್ರಿಯಲ್ ಫಿಬ್ರಿಲೇಶನ್. ಹೃದಯದ ಮೇಲಿನ ಎರಡು ಕೋಣೆಗಳು ಲಯ ತಪ್ಪಿ ಸುಮ್ಮನೆ ಅದುರುತ್ತಿರುತ್ತವೆ. ರಕ್ತ ಅಲ್ಲಿ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ. ಕೆಲವರಿಗೆ ಇದು ಬಂದು ಹೋಗುತ್ತಿರುತ್ತದೆ. ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವ ಹತ್ತು ಸೆಕೆಂಡಿನಲ್ಲಿ ಅದು ಸಿಕ್ಕಿಬೀಳಬೇಕು ಅಂತೇನಿಲ್ಲ. ದಿನವಿಡೀ ಕೈಯಲ್ಲಿರುವ ವಾಚಿಗೆ ಸಿಕ್ಕಿಬೀಳಬಹುದು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಆ್ಯಪಲ್ ಕಂಪನಿಯ ಹಣದಲ್ಲಿ ನಡೆಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಸೇರಿದವರು 4,19,297 ಮಂದಿ. ಇವರಲ್ಲಿ ನಾಡಿ ಏರುಪೇರಾಗಿದೆ ಎಂಬ ಎಚ್ಚರಿಕೆ ಬಂದಿದ್ದು 2,161 ಜನರಿಗೆ, ಅಂದರೆ ಶೇ 0.52. ಅಷ್ಟು ದೊಡ್ಡ ಗುಂಪಿನಲ್ಲಿ ಇಷ್ಟು ಕಡಿಮೆ ಎಚ್ಚರಿಕೆ ಬಂದದ್ದು ಒಳ್ಳೆಯದೇ, ಸುಮ್ಮನೆ ಹೆದರಿಸುವ ಯಂತ್ರವಲ್ಲ ಅಂತಾಯಿತು. ಆದರೆ ವಯಸ್ಸಿನ ಲೆಕ್ಕ ನೋಡಿ. 40ಕ್ಕಿಂತ ಕೆಳಗಿನವರಲ್ಲಿ ಎಚ್ಚರಿಕೆ ಬಂದಿದ್ದು ಶೇ 0.16 ಜನಕ್ಕೆ, 65 ದಾಟಿದವರಲ್ಲಿ ಶೇ 3.1 ಜನಕ್ಕೆ. ಎಚ್ಚರಿಕೆ ಬಂದ ಮೇಲೆ ಡಾಕ್ಟರ ಜೊತೆ ಮಾತಾಡಿದವರಲ್ಲಿ ಅರ್ಹರಿಗೆ ಎದೆಗೆ ಅಂಟಿಸುವ ಇಸಿಜಿ ಪಟ್ಟಿಯನ್ನು ಅಂಚೆಯಲ್ಲಿ ಕಳಿಸಿದರು. ಅದನ್ನು ಹಾಕಿಕೊಂಡು ವಾಪಸ್ ಕಳಿಸಿದವರು 450 ಜನ. ಅವರಲ್ಲಿ ಶೇ 34 ಮಂದಿಗೆ ಕಾಯಿಲೆ ಇರುವುದು ಪಟ್ಟಿಯಲ್ಲಿ ಕಂಡಿತು.

ಈ 450 ಎಂಬ ಅಂಕಿಯನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. 2,161 ಜನರಿಗೆ ಎಚ್ಚರಿಕೆ ಬಂತು. ಓದಲು ಆಗುವಂಥ ಪಟ್ಟಿ ಕೈಗೆ ಬಂದಿದ್ದು ಐದರಲ್ಲಿ ಒಬ್ಬರಿಂದ. ಬಿಟ್ಟಿಯಾಗಿ ಡಾಕ್ಟರ ಸಲಹೆ, ಮನೆ ಬಾಗಿಲಿಗೆ ಪಟ್ಟಿ, ಎಲ್ಲ ಇದ್ದೂ ಹೀಗೆ. ವಾಚಿನಿಂದ ಡಾಕ್ಟರ ತನಕ ಇರುವ ದಾರಿಯಲ್ಲಿ ಹೆಚ್ಚಿನವರು ನಡುವೆಯೇ ಕಳಚಿಕೊಳ್ಳುತ್ತಾರೆ.

ಕಾಯಿಲೆ ಬೇಗ ಸಿಕ್ಕಿದರೆ ಲಾಭವಾಗಲೇಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಅದೂ ಅಷ್ಟು ನೇರವಿಲ್ಲ. ಡೆನ್ಮಾರ್ಕಿನಲ್ಲಿ 70 ದಾಟಿದ ಸುಮಾರು 6,000 ಜನರ ಮೇಲೆ ಲೂಪ್ ಎಂಬ ಅಧ್ಯಯನ ನಡೆಯಿತು. ಒಂದು ಗುಂಪಿಗೆ ಚರ್ಮದ ಕೆಳಗೆ ಪುಟ್ಟ ಯಂತ್ರ ಇಟ್ಟು ವರ್ಷಗಟ್ಟಲೆ ನಾಡಿ ನೋಡಿದರು. ಆ ಗುಂಪಿನ ಶೇ 31.8 ಮಂದಿಯಲ್ಲಿ ಈ ಕಾಯಿಲೆ ಸಿಕ್ಕಿತು. ಮಾಮೂಲಿ ಚಿಕಿತ್ಸೆಯಲ್ಲಿದ್ದವರಲ್ಲಿ ಶೇ 12.2. ಸಿಕ್ಕವರಿಗೆ ರಕ್ತ ತೆಳುಮಾಡುವ ಮಾತ್ರೆಯನ್ನೂ ಕೊಟ್ಟರು. ಲಕ್ವ ಸ್ವಲ್ಪ ಕಡಿಮೆಯಾಯಿತು. ಆದರೆ ಇದರಿಂದಲೇ ಕಡಿಮೆಯಾಯಿತು ಅಂತ ಧೈರ್ಯವಾಗಿ ಹೇಳುವಷ್ಟು ವ್ಯತ್ಯಾಸ ಬರಲಿಲ್ಲ. ಯಾವಾಗಲೋ ಒಮ್ಮೆ ಕೆಲವು ನಿಮಿಷ ಬಂದು ಹೋಗುವ ಏರುಪೇರು ಮತ್ತು ದಿನವಿಡೀ ಇರುವ ಏರುಪೇರು ಎರಡೂ ಒಂದೇ ಅಲ್ಲ ಅನ್ನುವುದು ಈಗೀಗ ಅರ್ಥವಾಗುತ್ತಿದೆ. ರಕ್ತ ತೆಳುಮಾಡುವ ಮಾತ್ರೆಗೆ ರಕ್ತಸ್ರಾವದ ಅಪಾಯ ಇದೆ. ವಾಚು ಹೇಳಿತು ಅಂತ ಅದನ್ನು ಶುರು ಮಾಡುವ ಹಾಗಿಲ್ಲ.

ನಮ್ಮ ಕಡೆ ಇನ್ನೊಂದು ಮಾತೂ ಇದೆ. ಚಿಕ್ಕಂದಿನಲ್ಲಿ ಗಂಟಲು ನೋವು, ಜ್ವರದ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟು, ಅದರಿಂದ ಇದೇ ಏರುಪೇರು ಶುರುವಾದವರು ಭಾರತದಲ್ಲಿ ಬಹಳ ಜನ ಇದ್ದಾರೆ. ವಯಸ್ಸು ಕಡಿಮೆ, ಬಡತನ ಜಾಸ್ತಿ. ದೊಡ್ಡ ವಾಚು ಅಧ್ಯಯನಗಳು ಇವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದಲ್ಲ.

ಹತ್ತು ಸಾವಿರ ಹೆಜ್ಜೆ ಎಲ್ಲಿಂದ ಬಂತು

ನನ್ನ ಪ್ರಕಾರ ಹೃದ್ರೋಗಿಗೆ ಈ ವಾಚಿನಿಂದ ಆಗುವ ದೊಡ್ಡ ಉಪಕಾರ ಇಸಿಜಿ ಅಲ್ಲ. ಅದು ಹೆಜ್ಜೆ ಎಣಿಸುವುದು. ಕೇಳಲು ಸಪ್ಪೆ ಅನ್ನಿಸಬಹುದು. ಆದರೆ ಸ್ಟೆಂಟ್ ಆದ ಮೇಲೆ ಮನೆಗೆ ಬಂದವರ ದೊಡ್ಡ ಸಮಸ್ಯೆ ಹೆದರಿಕೆ. ನಡೆದರೆ ಏನಾದರೂ ಆಗಿಬಿಟ್ಟರೆ? ಮನೆಯವರೂ "ಸುಮ್ನೆ ಕೂತ್ಕೊಳ್ಳಿ, ಆಯಾಸ ಮಾಡ್ಕೋಬೇಡಿ" ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ನಿಜಕ್ಕೂ ಬೇಕಾಗಿರುವುದು ಅದರ ಉಲ್ಟಾ. ಮೇಲ್ವಿಚಾರಣೆಯಲ್ಲಿ ಮೆಲ್ಲಗೆ ವ್ಯಾಯಾಮ ಜಾಸ್ತಿ ಮಾಡಿಸುವ ಕಾರ್ಡಿಯಾಕ್ ರಿಹ್ಯಾಬ್ ಹೃದಯದ ಕಾಯಿಲೆಯಿಂದ ಸಾಯುವವರನ್ನು ಕಡಿಮೆ ಮಾಡುತ್ತದೆ ಅನ್ನುವುದಕ್ಕೆ ದಶಕಗಳ ಪುರಾವೆ ಇದೆ. ಅಮೆರಿಕದಲ್ಲಿ ಇದಕ್ಕೆ 36 ಸೆಷನ್‌ಗಳ ಲೆಕ್ಕವಿದೆ. ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಆಂಜಿಯೋ ಮಾಡುವ ಜಾಗ ಸಿಕ್ಕೀತು, ರಿಹ್ಯಾಬ್ ಮಾಡಿಸುವ ಜಾಗ ಹುಡುಕಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ "ವಾಕಿಂಗ್ ಮಾಡಿ" ಅಂತ ಒಂದು ಸಾಲು. ಎಷ್ಟು, ಹೇಗೆ, ಎಲ್ಲಿಗೆ ನಿಲ್ಲಿಸಬೇಕು ಅಂತ ಇರುವುದಿಲ್ಲ.

ಆ ಖಾಲಿ ಜಾಗಕ್ಕೆ ವಾಚು ಬಂದು ಕೂರುತ್ತದೆ. 10,000 ಹೆಜ್ಜೆ ನಡಿ ಅನ್ನುತ್ತದೆ. ಈ ಅಂಕಿಯ ಹುಟ್ಟು ಗೊತ್ತಾ? 1964ರ ಟೋಕಿಯೋ ಒಲಿಂಪಿಕ್ಸ್ ಮುಗಿದ ಮಾರನೇ ವರ್ಷ ಯಮಾಸಾ ಎಂಬ ಜಪಾನಿ ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಸುವ ಯಂತ್ರ ಮಾರಲು ಶುರು ಮಾಡಿತು. ಅದರ ಹೆಸರು ಮಾನ್ಪೊ-ಕೇ, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ವ್ಯಾಪಾರದ ಹೆಸರು ಆಮೇಲೆ ವೈದ್ಯರ ಮಾತಿನ ಹಾಗೆ ಲೋಕವೆಲ್ಲ ಸುತ್ತಿತು.

ಪುರಾವೆ ಹೇಳುವುದು ಇದಕ್ಕಿಂತ ಕರುಣೆಯ ಅಂಕಿ. ಸರಾಸರಿ 72 ವಯಸ್ಸಿನ ಸುಮಾರು 16,700 ಅಮೆರಿಕನ್ ಹೆಂಗಸರನ್ನು ಗಮನಿಸಿದ ಅಧ್ಯಯನ 2019ರಲ್ಲಿ ಬಂತು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗೆ ಹೋಲಿಸಿದರೆ 4,400 ನಡೆಯುವವರಲ್ಲಿ ಸಾವು ಶೇ 41 ಕಡಿಮೆ ಇತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಆರೋಗ್ಯವಾಗಿರುವವರೇ ಜಾಸ್ತಿ ನಡೆಯುತ್ತಾರೆ ಅನ್ನುವ ಅನುಮಾನ ಇಲ್ಲಿ ಪೂರ್ತಿ ಹೋಗುವುದಿಲ್ಲ, ಅದು ನಿಜ. ಆದರೂ 2,000 ನಡೆಯುತ್ತಿದ್ದವರು 4,000ಕ್ಕೆ ಬಂದರೆ ಅದೇ ದೊಡ್ಡ ದೂರ ಅಂತ ತಿಳಿದುಕೊಳ್ಳಲು ಅಡ್ಡಿಯಿಲ್ಲ. ವಾಚು ಮಾತ್ರ ಅವರಿಗೆ "ಗುರಿಯ ಶೇ 40" ಅಂತ ಅರ್ಧ ತುಂಬಿದ ಉಂಗುರ ತೋರಿಸುತ್ತದೆ.

ಎಣಿಸಿದರೆ ಜನ ಜಾಸ್ತಿ ನಡೆಯುತ್ತಾರಾ? ನಡೆಯುತ್ತಾರೆ. ನೂರಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2022ರ ಒಂದು ವಿಮರ್ಶೆ, ಇಂಥ ಸಾಧನ ಕಟ್ಟಿಕೊಂಡವರು ದಿನಕ್ಕೆ ಸುಮಾರು 1,800 ಹೆಜ್ಜೆ ಹೆಚ್ಚು ನಡೆದರು ಅನ್ನುತ್ತದೆ. ಆದರೆ ಬರೀ ಸಾಧನದಿಂದ ಏನೂ ಆಗದ ಉದಾಹರಣೆಯೂ ಇದೆ. ಪಿಟ್ಸ್‌ಬರ್ಗ್‌ನಲ್ಲಿ ತೂಕ ಇಳಿಸಲು ಬಂದ 471 ಯುವಜನರಲ್ಲಿ ಅರ್ಧ ಜನಕ್ಕೆ ಸಾಧನ ಕೊಟ್ಟರು. ಎರಡು ವರ್ಷ ಕಳೆದಾಗ ಸಾಧನ ಇದ್ದವರು ಇಳಿಸಿದ್ದು 3.5 ಕಿಲೋ, ಇಲ್ಲದವರು 5.9 ಕಿಲೋ. ಇವರು ಹೃದ್ರೋಗಿಗಳಲ್ಲ, ಗುರಿಯೂ ಬೇರೆ. ಆದರೂ ಮರೆಯಬಾರದ ಫಲಿತಾಂಶ.

ಹೃದಯದ ಅಪಾಯ ಹೆಚ್ಚಿರುವವರ ಮೇಲೆಯೇ ಮಾಡಿದ, ನನಗೆ ಇಷ್ಟವಾದ ಪ್ರಯೋಗ ಒಂದಿದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ್ದು, 2024ರಲ್ಲಿ ಪ್ರಕಟವಾಯಿತು. ಹೆಸರು ಬಿ ಆ್ಯಕ್ಟಿವ್. 1,062 ಜನ, ನಾಲ್ಕು ಗುಂಪು. ಎಲ್ಲರಿಗೂ ವಾಚು, ಎಲ್ಲರಿಗೂ ಗುರಿ. ಒಂದು ಗುಂಪಿಗೆ ಅಷ್ಟೇ. ಇನ್ನೊಂದಕ್ಕೆ ಆಟ: ವಾರಕ್ಕೆ ಒಂದಿಷ್ಟು ಪಾಯಿಂಟ್ ಮೊದಲೇ ಕೊಟ್ಟು, ಗುರಿ ತಪ್ಪಿದ ದಿನ ಕಳೆಯುತ್ತಿದ್ದರು, ಜೊತೆಗೆ ಮನೆಯವರು ಅಥವಾ ಸ್ನೇಹಿತರೊಬ್ಬರಿಗೆ ವಾರದ ವರದಿ ಹೋಗುತ್ತಿತ್ತು. ಮೂರನೆಯದಕ್ಕೆ ದುಡ್ಡು: ವಾರದ ಮೊದಲಿಗೇ 14 ಡಾಲರ್ ಖಾತೆಯಲ್ಲಿ, ತಪ್ಪಿದ ದಿನಕ್ಕೆ 2 ಡಾಲರ್ ಕಟ್. ನಾಲ್ಕನೆಯದಕ್ಕೆ ಎರಡೂ. ವರ್ಷದ ಕೊನೆಗೆ ಬರೀ ವಾಚಿನವರು ಮೊದಲಿಗಿಂತ ದಿನಕ್ಕೆ 1,418 ಹೆಜ್ಜೆ ಹೆಚ್ಚು ನಡೆಯುತ್ತಿದ್ದರು. ಆಟದವರು 1,954. ದುಡ್ಡಿನವರು 1,915. ಎರಡೂ ಇದ್ದವರು 2,297.

ಕೊಡುವುದಕ್ಕಿಂತ ಕೊಟ್ಟದ್ದನ್ನು ಕಿತ್ತುಕೊಳ್ಳುವುದು ಹೆಚ್ಚು ಚುರುಕು ಮುಟ್ಟಿಸುತ್ತದೆ ಅನ್ನುವುದು ಆ ಪ್ರಯೋಗದ ಹಿಂದಿನ ತರ್ಕ. ಇರಲಿ. ನನಗೆ ಅದರಲ್ಲಿ ಕಂಡಿದ್ದು ಬೇರೆ. ಪಾಯಿಂಟು ಒಂದು ರೂಪಾಯಿಗೂ ಬಾಳುವುದಿಲ್ಲ. ಆದರೂ ದುಡ್ಡು ಸಿಕ್ಕವರಷ್ಟೇ ಇವರೂ ನಡೆದರು. ವಾರದ ಕೊನೆಗೆ ತಂಗಿಯೋ ಗೆಳೆಯನೋ ವರದಿ ನೋಡಿ "ಯಾಕೆ, ಬುಧವಾರ ಹೊರಗೇ ಹೋಗಿಲ್ವಾ?" ಅಂತ ಕೇಳುವ ಸಾಧ್ಯತೆಗೂ ಅದರಲ್ಲಿ ಪಾಲಿತ್ತು ಅಂತ ನನ್ನ ಊಹೆ.

ಎರಡು ಪ್ರಯೋಗ, ಎರಡು ಉತ್ತರ

ಈ ಊಹೆಗೆ ಬಲ ಕೊಡುವ ಎರಡು ಪ್ರಯೋಗಗಳಿವೆ. ಎರಡೂ ಹಾರ್ಟ್ ಫೇಲ್ಯೂರ್ ಇರುವವರ ಮೇಲೆ ನಡೆದವು. ಹೃದಯ ಸೋತು ಸರಿಯಾಗಿ ರಕ್ತ ಪಂಪ್ ಮಾಡದ ಸ್ಥಿತಿ ಅದು. ಮೈಯಲ್ಲಿ ನೀರು ನಿಲ್ಲುತ್ತದೆ. ಕಾಲು ಊದುವ ಮೊದಲೇ ತೂಕದ ಯಂತ್ರ ಅದನ್ನು ಹೇಳುತ್ತದೆ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಊಟದ ಕೊಬ್ಬಲ್ಲ, ನೀರು.

ಮೊದಲನೆಯದು ಟೆಲಿ-ಎಚ್‌ಎಫ್, ಅಮೆರಿಕದ್ದು, 2010ರಲ್ಲಿ ಬಂತು. 1,653 ರೋಗಿಗಳು. ಅರ್ಧ ಜನ ದಿನಾ ಒಂದು ನಂಬರಿಗೆ ಫೋನ್ ಮಾಡಬೇಕು. ಆ ಕಡೆ ರೆಕಾರ್ಡ್ ಮಾಡಿದ ದನಿ. ತೂಕ ಎಷ್ಟು, ಉಸಿರಾಟ ಹೇಗಿದೆ ಅಂತ ಬಟನ್ ಒತ್ತಿ ಉತ್ತರಿಸಬೇಕು. ಕೆಲಸದ ದಿನಗಳಲ್ಲಿ ಆಸ್ಪತ್ರೆಯವರು ಅದನ್ನು ನೋಡುತ್ತಿದ್ದರು. ಆರು ತಿಂಗಳಲ್ಲಿ ಮತ್ತೆ ಆಸ್ಪತ್ರೆ ಸೇರಿದವರು ಅಥವಾ ತೀರಿಕೊಂಡವರು ಈ ಗುಂಪಿನಲ್ಲಿ ಶೇ 52.3, ಮಾಮೂಲಿ ಗುಂಪಿನಲ್ಲಿ ಶೇ 51.5. ಲಾಭ ಸೊನ್ನೆ. ಶೇ 14 ಜನ ಒಂದು ದಿನವೂ ಫೋನ್ ಮಾಡಲಿಲ್ಲ. ಕೊನೆಯ ವಾರದ ಹೊತ್ತಿಗೆ ವಾರಕ್ಕೆ ಮೂರು ಸಲವಾದರೂ ಮಾಡುತ್ತಿದ್ದವರು ಶೇ 55 ಮಾತ್ರ. ಯಂತ್ರದ ದನಿಗೆ ದಿನಾ ಎಷ್ಟು ಅಂತ ಉತ್ತರ ಹೇಳುತ್ತಾರೆ?

ಎರಡನೆಯದು ಜರ್ಮನಿಯ ಟಿಮ್-ಎಚ್‌ಎಫ್2, 2018ರದ್ದು, 1,571 ರೋಗಿಗಳು. ಮನೆಯಲ್ಲಿ ತೂಕದ ಯಂತ್ರ, ಬಿಪಿ ಯಂತ್ರ, ಇಸಿಜಿ, ಆಮ್ಲಜನಕ ನೋಡುವ ಯಂತ್ರ. ಇವೆಲ್ಲದರ ಅಂಕಿ ದಿನಾ ಬರ್ಲಿನ್‌ನ ಶಾರಿಟೆ ಆಸ್ಪತ್ರೆಯ ಒಂದು ಕೇಂದ್ರಕ್ಕೆ ಹೋಗುತ್ತಿತ್ತು. ಅಲ್ಲಿ ಹಗಲು ರಾತ್ರಿ ಡಾಕ್ಟರು, ನರ್ಸುಗಳು ಕೂತಿರುತ್ತಿದ್ದರು. ಅಂಕಿ ಏರುಪೇರಾದರೆ ಅವರೇ ಫೋನ್ ಮಾಡಿ ಮಾತ್ರೆ ಬದಲಿಸುತ್ತಿದ್ದರು, ಊರಿನ ಡಾಕ್ಟರ ಜೊತೆ ಮಾತಾಡುತ್ತಿದ್ದರು. ಆಸ್ಪತ್ರೆ ಅಥವಾ ಸಾವಿನಿಂದ ಕಳೆದುಹೋದ ದಿನಗಳು ವರ್ಷಕ್ಕೆ 24.2ರಿಂದ 17.8ಕ್ಕೆ ಇಳಿದವು. ಸಾವೂ ಕಡಿಮೆಯಾಯಿತು. 100 ಜನರಿಗೆ ವರ್ಷಕ್ಕೆ 11.3 ಇದ್ದದ್ದು 7.9 ಆಯಿತು.

ಎರಡು ಪ್ರಯೋಗಗಳ ರೋಗಿಗಳು ಒಂದೇ ಥರದವರಲ್ಲ. ನಡುವೆ ಎಂಟು ವರ್ಷದ ಅಂತರ, ದೇಶ ಬೇರೆ, ಯಂತ್ರ ಬೇರೆ. ಹಾಗಾಗಿ ಒಂದನ್ನು ಇನ್ನೊಂದರ ಪಕ್ಕ ಇಟ್ಟು ತೂಗುವಾಗ ಹುಷಾರಾಗಿರಬೇಕು. ಆದರೂ ಬರ್ಲಿನ್‌ನಲ್ಲಿ ಹೆಚ್ಚು ಖರ್ಚಾಗಿದ್ದು ಯಂತ್ರಕ್ಕಿಂತ ಫೋನ್ ಎತ್ತುವ ಮನುಷ್ಯರ ಸಂಬಳಕ್ಕೆ ಅಂತಲೇ ನನಗೆ ಅನ್ನಿಸುವುದು. ವಾಚು ಮಾರುವವರ ಜಾಹೀರಾತಿನಲ್ಲಿ ಆ ಮನುಷ್ಯರು ಕಾಣುವುದಿಲ್ಲ.

ಯಾರ ಕೈಯಲ್ಲಿದೆ

ಇನ್ನೊಂದು ತಮಾಷೆ ಇದೆ, ನಗು ಬರುವಂಥದ್ದಲ್ಲ. ಅಮೆರಿಕದಲ್ಲಿ 2019-20ರಲ್ಲಿ 9,000ಕ್ಕೂ ಹೆಚ್ಚು ವಯಸ್ಕರನ್ನು ಕೇಳಿದ ಸಮೀಕ್ಷೆಯನ್ನು ಯೇಲ್ ವಿಶ್ವವಿದ್ಯಾಲಯದವರು ವಿಶ್ಲೇಷಿಸಿದರು. ಎಲ್ಲ ವಯಸ್ಕರಲ್ಲಿ ಇಂಥ ಸಾಧನ ಬಳಸುವವರು ಶೇ 29. ಹೃದಯದ ಕಾಯಿಲೆಯ ಅಪಾಯ ಇರುವವರಲ್ಲಿ ಶೇ 26. ಕಾಯಿಲೆ ಬಂದೇ ಇರುವವರಲ್ಲಿ ಶೇ 18. ವಯಸ್ಸಾದವರು, ಓದು ಕಡಿಮೆ ಇರುವವರು, ಆದಾಯ ಕಡಿಮೆ ಇರುವವರು ಇನ್ನೂ ಹಿಂದೆ. ಇಟ್ಟುಕೊಂಡ ಹೃದ್ರೋಗಿಗಳಲ್ಲೂ ದಿನಾ ಕಟ್ಟುವವರು ಹತ್ತರಲ್ಲಿ ನಾಲ್ವರಷ್ಟೇ. ಮ್ಯಾರಥಾನ್ ಓಡುವ ಹುಡುಗನ ಕೈಯಲ್ಲಿ ವಾಚು ಇದೆ, ಅವನ ಅಜ್ಜನ ಕೈಯಲ್ಲಿ ಇಲ್ಲ.

ನಮ್ಮಲ್ಲಿ ಈ ಅಂತರ ಇನ್ನೂ ಜಾಸ್ತಿಯೇ ಇರಬೇಕು. ಆ್ಯಪ್ ಮಾತಾಡುವುದು ಬಹುಪಾಲು ಇಂಗ್ಲಿಷಿನಲ್ಲಿ. ಮನೆಗೆ ಒಂದೇ ಸ್ಮಾರ್ಟ್‌ಫೋನ್, ಅದೂ ಮೊಮ್ಮಗನ ಕೈಯಲ್ಲಿ. ಎರಡು ದಿನಕ್ಕೊಮ್ಮೆ ಚಾರ್ಜ್ ಮಾಡಬೇಕು, ನೆನಪಿರಬೇಕು. ಚಿಕ್ಕಮ್ಮನಿಗೂ ಬಿಪಿ ಇದೆ, ಶುಗರ್ ಇದೆ. ಅವರಿಗೆ ಯಾರೂ ವಾಚು ತಂದುಕೊಡಲಿಲ್ಲ. ಕೇಳಿದರೆ "ಬಳೆ ಮಧ್ಯೆ ಎಲ್ಲಿ ಕಟ್ಟಲಿ?" ಅಂತ ನಕ್ಕರು.

2025ರ ಜೂನ್, ಜುಲೈ ನೆನಪಿರಬೇಕು. ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನದಲ್ಲಿ 20ಕ್ಕೂ ಹೆಚ್ಚು ಜನ, ಅದರಲ್ಲಿ ಸಣ್ಣ ವಯಸ್ಸಿನವರೂ, ಹೃದಯಾಘಾತದಿಂದ ಸತ್ತರು ಅಂತ ಸುದ್ದಿ ಹಬ್ಬಿತು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಸಾಲು. ಸರ್ಕಾರ ಜಯದೇವದ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಅಸಹಜವಾದ ಏರಿಕೆ ಏನೂ ಆಗಿಲ್ಲ ಅಂತ ವರದಿ ಬಂತು. ಆ ದಿನಗಳಲ್ಲಿ ಚಿಕ್ಕಪ್ಪನ ಊರಿನಲ್ಲೂ ನಾಲ್ಕಾರು ಯುವಕರ ಕೈಗೆ ಹೊಸ ವಾಚು ಬಂತು. ಎರಡು ಸಾವಿರದ ಒಳಗಿನವು. ಅವುಗಳ ಪೆಟ್ಟಿಗೆ ಮೇಲೆ ಹಾರ್ಟ್ ಚಿತ್ರ ದೊಡ್ಡದಾಗಿ, "ವೈದ್ಯಕೀಯ ಬಳಕೆಗಲ್ಲ" ಅನ್ನುವುದು ಚಿಕ್ಕದಾಗಿ. ಇವುಗಳಲ್ಲಿ ಕೆಲವನ್ನು ಬಾಳೆಹಣ್ಣಿಗೆ ಕಟ್ಟಿದರೂ ಒಂದು ಬಡಿತ ತೋರಿಸುತ್ತವೆ. ಬೆಳಕು ಯಾವುದಕ್ಕೆ ಬಡಿದು ಬಂದರೂ ಅದರಲ್ಲಿ ಏನೋ ಒಂದು ಲಯ ಹುಡುಕುವ ಸಾಫ್ಟ್‌ವೇರ್ ಅದು. ಸೂಜಿ ಚುಚ್ಚದೆ ಶುಗರ್ ಹೇಳುತ್ತೇವೆ ಅನ್ನುವ ವಾಚು, ಉಂಗುರಗಳನ್ನು ನಂಬಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲೇ ಎಚ್ಚರಿಸಿದೆ. ಅಂಥವನ್ನು ಮುಟ್ಟಲೇ ಬೇಡಿ.

ಯಾರೂ ನೋಡದ ಅಂಕಿ ಒಮ್ಮೊಮ್ಮೆ ಕಟ್ಟಿಕೊಂಡವರನ್ನೇ ತಿನ್ನುತ್ತದೆ. ಅಮೆರಿಕದ ವೈದ್ಯರು 2020ರಲ್ಲಿ ಒಂದು ಪ್ರಕರಣ ಬರೆದರು. ಆಗೊಮ್ಮೆ ಈಗೊಮ್ಮೆ ಏರುಪೇರು ಬರುತ್ತಿದ್ದ 70 ವರ್ಷದ ಹೆಂಗಸು ಒಂದು ವರ್ಷದಲ್ಲಿ ವಾಚಿನಲ್ಲಿ 916 ಇಸಿಜಿ ತೆಗೆದುಕೊಂಡಿದ್ದರು. ದಿನಕ್ಕೆ ಎರಡೂವರೆ. ಯಂತ್ರ "ಸ್ಪಷ್ಟವಿಲ್ಲ" ಅಂದಾಗಲೆಲ್ಲ ಹೆದರಿಕೆ, ಮತ್ತೆ ಆಸ್ಪತ್ರೆ. ಕೊನೆಗೆ ಅವರಿಗೆ ಬೇಕಾಗಿದ್ದು ಆತಂಕಕ್ಕೆ ಚಿಕಿತ್ಸೆ. ಇದರ ಜೊತೆಗೆ ಆ ಅಂಕಿಗಳನ್ನು ಕಂಪನಿ ಏನು ಮಾಡುತ್ತದೆ ಅನ್ನುವ ಪ್ರಶ್ನೆ. 2023ರಲ್ಲಿ ನಮ್ಮಲ್ಲಿ ಡೇಟಾ ರಕ್ಷಣೆಯ ಕಾಯ್ದೆ ಬಂದಿದೆ. ನಡೆದರೆ ಪ್ರೀಮಿಯಂ ಕಡಿಮೆ ಅನ್ನುವ ವಿಮಾ ಪಾಲಿಸಿಗಳೂ ಬಂದಿವೆ. ನಡೆಯದವರ ಲೆಕ್ಕವೂ ಅವರ ಬಳಿ ಇರುತ್ತದೆ ಅನ್ನುವುದನ್ನು ಮರೆಯಬೇಡಿ.

ಡಾಕ್ಟರ ಮುಂದೆ ಒಂದು ಹಾಳೆ

ಹಾಗಾದರೆ ವಾಚು ಬಿಚ್ಚಿ ಎಸೆಯಬೇಕಾ? ಬೇಡ. ಚಿಕ್ಕಪ್ಪನ ವಿಷಯದಲ್ಲಿ ನಾವು ಮಾಡಿದ್ದನ್ನು ಹೇಳುತ್ತೇನೆ.

ಮೊದಲು ಡಾಕ್ಟರನ್ನು ಕೇಳಿ ಎಚ್ಚರಿಕೆಯ ಮಿತಿ ಬದಲಿಸಿದೆವು. ವ್ಯಾಯಾಮದ ಗುರಿಯ ವಿಷಯದಲ್ಲೂ ವಾಚು ತಪ್ಪಿತ್ತು. 220ರಿಂದ ವಯಸ್ಸು ಕಳೆದು ಅದು ಗರಿಷ್ಠ ಬಡಿತ ಲೆಕ್ಕ ಹಾಕುತ್ತದೆ. ಚಿಕ್ಕಪ್ಪನಿಗೆ 64, ಅಂದರೆ 156. ಬೀಟಾ ಬ್ಲಾಕರ್ ತಿನ್ನುವ ಹೃದಯ ಅಲ್ಲಿಗೆ ಏರುವುದೇ ಇಲ್ಲ. ಬೆವರು ಸುರಿಸಿ ನಡೆದು ಬಂದರೂ ವಾಚು "ಹಗುರ ಚಟುವಟಿಕೆ" ಅನ್ನುತ್ತಿತ್ತು. ಅದನ್ನು ಮೆಚ್ಚಿಸಲು ಹೋಗಿ ಅವರು ಓಡಲು ಶುರು ಮಾಡಿದ್ದರೆ? ಇಂಥವರಿಗೆ ಬಡಿತದ ಗುರಿ ಬೇಕೆಂದರೆ ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡುವ ಪರೀಕ್ಷೆ, ಮಾಡಿಸಿ ಡಾಕ್ಟರೇ ಹೇಳಬೇಕು. ಅದಿಲ್ಲದಿದ್ದರೆ ಹಳೇ ಉಪಾಯ: ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮಾತೇ ನಿಂತರೆ ವೇಗ ಜಾಸ್ತಿಯಾಯಿತು.

ಆಮೇಲೆ 10,000ದ ಗುರಿ ತೆಗೆದು ಅವರ ಸರಾಸರಿ ಎಷ್ಟಿದೆಯೋ ಅದಕ್ಕೆ 500 ಸೇರಿಸಿದೆವು. ಎರಡು ವಾರಕ್ಕೊಮ್ಮೆ ಇನ್ನೊಂದು 500. ರಾತ್ರಿ ಎಂಟಕ್ಕೆ ಮಗಳಿಗೆ ಹೆಜ್ಜೆ ಲೆಕ್ಕ ಕಳಿಸಬೇಕು, ಅವಳೂ ತನ್ನದು ಕಳಿಸಬೇಕು. ಆಫೀಸಿನಲ್ಲಿ ಕೂತೇ ಇರುವ ಅವಳು ಬಹಳ ದಿನ ಸೋಲುತ್ತಿದ್ದಳು.

ಕಳೆದ ಸಲ ಚೆಕಪ್‌ಗೆ ಹೋಗುವಾಗ ಮಗಳು ಎಂಟು ವಾರದ ಸರಾಸರಿಯನ್ನು ಒಂದೇ ಹಾಳೆಯಲ್ಲಿ ಬರೆದುಕೊಟ್ಟಳು. ವಾರಕ್ಕೊಂದು ಸಾಲು: ಹೆಜ್ಜೆ, ಬೆಳಗಿನ ಬಡಿತ, ತೂಕ. ಆ್ಯಪ್ ತೆರೆದು ತೋರಿಸಿದರೆ ನೋಡಲು ಡಾಕ್ಟರಿಗೆ ಪುರುಸೊತ್ತಿಲ್ಲ. ಹೊರಗೆ ಅರವತ್ತು ಜನ ಕಾಯುತ್ತಿದ್ದರು. ಹಾಳೆಗೆ ಅರ್ಧ ನಿಮಿಷ ಸಿಕ್ಕಿತು. ಮೇಲಿಂದ ಕೆಳಗೆ ಬೆರಳಾಡಿಸಿ ಒಂದು ಕಡೆ ನಿಲ್ಲಿಸಿದರು.

"ಆರನೇ ವಾರ ಏನಾಯ್ತು ಯಜಮಾನ್ರೇ? ಐದು ಸಾವಿರ ಇದ್ದಿದ್ದು ಎಂಟು ನೂರಕ್ಕೆ ಬಂದಿದೆ. ಸುಸ್ತಾಗ್ತಿತ್ತಾ? ಎದೆ ನೋವೇನಾದ್ರೂ?"

"ಇಲ್ಲ ಸಾರ್," ಅಂದರು ಚಿಕ್ಕಪ್ಪ. "ತೋಟದಲ್ಲಿ ಕಾಯಿ ಕೀಳಿಸ್ತಾ ಇದ್ವಿ. ಇಡೀ ವಾರ ಬೆಳಗಿಂದ ಸಂಜೆ ತನಕ ಓಡಾಟ. ವಾಚು ಕೊಳೆಯಾಗುತ್ತೆ ಅಂತ ಬಿಚ್ಚಿಟ್ಟಿದ್ದೆ."